ಫ್ಲಾರಿಡಾದ ಕೌಂಟಿಗಳ ಮರಣ ದರವನ್ನು ನಾನು ಹೋಲಿಸಿದ ಬಗೆ

ಅಮೆರಿಕದ ಫ್ಲಾರಿಡಾ ರಾಜ್ಯದ 67 ಕೌಂಟಿಗಳ (ಜಿಲ್ಲೆಯಂಥ ಆಡಳಿತ ವಿಭಾಗಗಳ) ಮರಣ ದರವನ್ನು ಹೋಲಿಸಲು ಕುಳಿತಾಗ ನಾನು ಮೊದಲು ನೋಡಿದ್ದು ಸಾವಿನ ಸಂಖ್ಯೆಯನ್ನಲ್ಲ, ಜನರ ವಯಸ್ಸನ್ನು. ‘ದಿ ವಿಲೇಜಸ್’ ಎಂಬ ನಿವೃತ್ತರ ಬೃಹತ್ ಬಡಾವಣೆಯಿರುವ ಸಮ್ಟರ್ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ದಾಟಿದವರು. ಹೀಗಾಗಿ ಲಕ್ಷಕ್ಕೆ ಎಷ್ಟು ಸಾವು ಎಂದು ನೇರವಾಗಿ ಭಾಗಿಸಿದರೆ, ವಿದ್ಯಾರ್ಥಿಗಳು ತುಂಬಿರುವ ಲಿಯಾನ್ ಕೌಂಟಿಯ ಮುಂದೆ ಸಮ್ಟರ್ ಬದುಕಲು ಯೋಗ್ಯವಲ್ಲದ ಊರಿನಂತೆ ಕಾಣುತ್ತದೆ. ಆದ್ದರಿಂದ ಪ್ರತಿ ವಯೋಗುಂಪಿನ ಮರಣ ದರವನ್ನು ಬೇರೆಬೇರೆಯಾಗಿ ತೆಗೆದು, 2000ನೇ ಇಸವಿಯ ಅಮೆರಿಕದ ಮಾನಕ ಜನಸಂಖ್ಯೆಯಲ್ಲಿ (ಎಲ್ಲ ಕೌಂಟಿಗಳಿಗೂ ಒಂದೇ ಅಳತೆಗೋಲಾಗುವ ವಯಸ್ಸಿನ ಹಂಚಿಕೆಯಲ್ಲಿ) ಆ ಗುಂಪಿಗಿರುವ ಪಾಲಿನಿಂದ ಗುಣಿಸಿ ಕೂಡಿಸಿದೆ. ಸಮ್ಟರ್ ಪಟ್ಟಿಯ ಮೇಲ್ಭಾಗದಿಂದ ಕೆಳಗಿಳಿಯಿತು.

ಸಣ್ಣ ಕೌಂಟಿಗಳದು ಬೇರೆ ತೊಡಕು. 2020ರ ಜನಗಣತಿಯಲ್ಲಿ ಮಯಾಮಿ-ಡೇಡ್‌ನಲ್ಲಿ 27 ಲಕ್ಷ ಜನರಿದ್ದರೆ ಲಿಬರ್ಟಿಯಲ್ಲಿ ಎಂಟು ಸಾವಿರದಷ್ಟೂ ಇರಲಿಲ್ಲ. ಯಾವುದಾದರೂ ಒಂದು ಕಾರಣದಿಂದ 20 ಸಾವುಗಳಷ್ಟೇ ಆಗಿದ್ದರೆ ಆ ದರದಲ್ಲಿ ಆಕಸ್ಮಿಕದಿಂದಲೇ ಶೇಕಡಾ 22ರಷ್ಟು ಪ್ರಮಾಣಿತ ದೋಷವಿರುತ್ತದೆ (ದರ ಎಷ್ಟು ಆಚೀಚೆಯಾಗಬಹುದು ಎಂಬುದರ ಅಳತೆ ಇದು). ಹತ್ತಕ್ಕಿಂತ ಕಡಿಮೆಯಿದ್ದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ದತ್ತಾಂಶದಲ್ಲಿ ಆ ಸಂಖ್ಯೆಯನ್ನೇ ಮರೆಮಾಡುತ್ತದೆ. ನಾನು ಐದು ವರ್ಷಗಳ ಸಾವುಗಳನ್ನು ಒಟ್ಟುಗೂಡಿಸಿ, ಪ್ರತಿ ದರದ ಪಕ್ಕದಲ್ಲಿ ಅದರ ವಿಶ್ವಾಸ ಅಂತರವನ್ನೂ (ನಿಜವಾದ ದರ ಇರಬಹುದಾದ ವ್ಯಾಪ್ತಿಯನ್ನೂ) ಕೊಟ್ಟೆ. ಆ ಅಂತರಗಳು ಒಂದರ ಮೇಲೊಂದು ಬಹಳವಾಗಿ ಹಾಯುವಲ್ಲಿ ಯಾವುದು ಹತ್ತನೆಯದು, ಯಾವುದು ಇಪ್ಪತ್ತನೆಯದು ಎಂದು ಹೇಳುವುದು ಓದುಗರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಯೂನಿಯನ್ ಕೌಂಟಿ. ವಯಸ್ಸಿನ ಹೊಂದಾಣಿಕೆಯ ನಂತರವೂ ಅದರ ದರ ಇಳಿಯದೆ ಎದ್ದು ನಿಲ್ಲುತ್ತದೆ. ಅಲ್ಲಿನ ಲೇಕ್ ಬಟ್ಲರ್ ಬಳಿ ರಾಜ್ಯದ ಕಾರಾಗೃಹ ಇಲಾಖೆಯ ವೈದ್ಯಕೀಯ ಕೇಂದ್ರವಿದ್ದು, ಬೇರೆ ಜೈಲುಗಳ ತೀವ್ರ ಅಸ್ವಸ್ಥ ಕೈದಿಗಳು ಅಲ್ಲಿಗೆ ಬರುತ್ತಾರೆ. ಜನಗಣತಿಯು ಕೈದಿಗಳನ್ನು ಅವರಿರುವ ಜೈಲಿನ ಊರಿನವರೆಂದೇ ಎಣಿಸುತ್ತದೆ. ತೀರಿಕೊಂಡವರ ಹಾಸಿಗೆಗೆ ಮತ್ತೊಬ್ಬ ರೋಗಿಯೇ ಬರುವುದರಿಂದ, ಸ್ಥಿರವಾಗಿರುವ ಸಣ್ಣ ಜನಸಂಖ್ಯೆಯ ಮೇಲೆ ಇಡೀ ರಾಜ್ಯದ ಕೈದಿಗಳ ಸಾವುಗಳು ಸೇರುತ್ತ ಹೋಗುತ್ತವೆ. ವಯಸ್ಸಿನ ಲೆಕ್ಕಾಚಾರ ಇದನ್ನು ಸರಿಪಡಿಸಲಾರದು. ಆ ಕೈದಿಗಳ ಸಾವನ್ನು ಲೆಕ್ಕದಿಂದ ಅಳಿಸಲು ನನಗೆ ಮನಸ್ಸಾಗಲಿಲ್ಲ. ಯೂನಿಯನ್ ಕೌಂಟಿಯ ದರವನ್ನು ಹಾಗೆಯೇ ಇಟ್ಟು, ಕ್ರಮಾಂಕ ಕೊಡದೆ, ಕಾರಣವನ್ನು ಕೋಷ್ಟಕದ ಅದೇ ಸಾಲಿನಲ್ಲಿ ಬರೆದೆ.