ಲಿಸ್ಪ್ ಲೆಕ್ಕಕ್ಕೆ ಬ್ರೌಸರ್ ಪರದೆ ಜೋಡಿಸುವುದು ಹೇಗೆ?

ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲದ ತಿಂಗಳ ಕಂತು ಲೆಕ್ಕ ಹಾಕುವ ಫಂಕ್ಷನ್ ಸಿದ್ಧವಿದೆ ಎಂದಿಟ್ಟುಕೊಳ್ಳಿ. ಅಸಲು 1 ಲಕ್ಷ, ವರ್ಷಕ್ಕೆ ಶೇ 12 ಬಡ್ಡಿ, 12 ತಿಂಗಳು ಎಂದರೆ 8,885 ರೂಪಾಯಿ ಎನ್ನುತ್ತದೆ. ಲಿಸ್ಪ್ ಗೊತ್ತಿಲ್ಲದವರೂ ಅದನ್ನು ಬಳಸಬೇಕಾದರೆ ಪರದೆ ಬೇಕು. ಡೇವಿಡ್ ಬಾಟನ್ ರಚಿಸಿದ ಕ್ಲಾಗ್ ಲೈಬ್ರರಿ ಇದ್ದರೆ ಜಾವಾಸ್ಕ್ರಿಪ್ಟ್ ಬರೆಯುವ ಅಗತ್ಯವಿಲ್ಲ. ಪುಟ ತೆರೆದೊಡನೆ ಬ್ರೌಸರಿಗೂ ಲಿಸ್ಪಿಗೂ ನಡುವೆ ವೆಬ್‌ಸಾಕೆಟ್ ಎಂಬ, ಎರಡೂ ಕಡೆಗೆ ಮಾಹಿತಿ ಸಾಗಿಸುವ ನಿರಂತರ ಸಂಪರ್ಕ ಏರ್ಪಡುತ್ತದೆ. ಬಟನ್ ಒತ್ತಿದ ಸುದ್ದಿ ಅದರಲ್ಲೇ ಬರುತ್ತದೆ, ಉತ್ತರವೂ ಅದರಲ್ಲೇ ಹೋಗುತ್ತದೆ.

ಮೊದಲು ಎಸ್‌ಬಿಸಿಎಲ್ (ಕಾಮನ್ ಲಿಸ್ಪ್ ಕಂಪೈಲರ್) ಮತ್ತು ಕ್ವಿಕ್‌ಲಿಸ್ಪ್ (ಲೈಬ್ರರಿ ತರಿಸುವ ಸಾಧನ) ಹಾಕಿಕೊಂಡು, ಕ್ವಿಕ್‌ಲೋಡ್ ಆಜ್ಞೆಯಿಂದ ಕ್ಲಾಗ್ ತರಿಸಿ. (ಇಲ್ಲಿ ಬರುವ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಹೈಫನ್ ಬಿಡದೆ ಟೈಪಿಸಬೇಕು.) ಆಮೇಲೆ ಆನ್-ನ್ಯೂ-ವಿಂಡೋ ಎಂಬ ಫಂಕ್ಷನ್ ಬರೆಯಿರಿ. ಪುಟದ ಬಾಡಿ ಇದಕ್ಕೆ ಆರ್ಗ್ಯುಮೆಂಟ್ ಆಗಿ ಬರುತ್ತದೆ. ಅದರೊಳಗೆ ಕ್ರಿಯೇಟ್-ಫಾರ್ಮ್-ಎಲಿಮೆಂಟ್‌ನಿಂದ ಟೆಕ್ಸ್ಟ್ ಬಗೆಯ ಮೂರು ಪೆಟ್ಟಿಗೆ, ಕ್ರಿಯೇಟ್-ಬಟನ್‌ನಿಂದ ಒಂದು ಬಟನ್, ಉತ್ತರಕ್ಕೆ ಕ್ರಿಯೇಟ್-ಡಿವ್‌ನಿಂದ ಒಂದು ಜಾಗ ಮಾಡಿ. ಬಟನ್ ಒತ್ತಿದಾಗ ಏನಾಗಬೇಕೆಂಬುದನ್ನು ಸೆಟ್-ಆನ್-ಕ್ಲಿಕ್‌ನಲ್ಲಿ ಹೇಳಿ.

ಸರ್ವರ್ ಎಬ್ಬಿಸುವುದು ಇನಿಷಿಯಲೈಸ್. ಅದಕ್ಕೆ ಆನ್-ನ್ಯೂ-ವಿಂಡೋ ಹೆಸರನ್ನು ಮುಂದೆ ಕೋಟ್ ಚಿಹ್ನೆ (') ಹಾಕಿ ಕೊಡಿ. ಹೆಸರು ಕೊಟ್ಟರೆ, ಫಂಕ್ಷನ್ ತಿದ್ದಿ ಮತ್ತೆ ಕಂಪೈಲ್ ಮಾಡಿ ಪುಟ ರಿಫ್ರೆಶ್ ಮಾಡಿದೊಡನೆ ಹೊಸದು ಕಾಣುತ್ತದೆ. ಹ್ಯಾಶ್-ಕೋಟ್ (#') ಹಾಕಿ ಫಂಕ್ಷನ್ನನ್ನೇ ಕೊಟ್ಟರೆ ಹಳೆಯದೇ ಓಡುತ್ತಿರುತ್ತದೆ. ಪೋರ್ಟ್ ತಾನಾಗಿಯೇ 8080. ಹೋಸ್ಟ್ ಮಾತ್ರ 0.0.0.0, ಅಂದರೆ ನಿಮ್ಮ ಜಾಲದಲ್ಲಿರುವ ಯಾರಿಗೂ ಬಾಗಿಲು ತೆರೆದಿದೆ. ನಿಮ್ಮ ಯಂತ್ರಕ್ಕಷ್ಟೇ ಸಾಕಾದರೆ ಮರೆಯದೆ 127.0.0.1 ಕೊಡಿ. ಕೊನೆಗೆ ಓಪನ್-ಬ್ರೌಸರ್ ಕರೆದರೆ ಪುಟ ತೆರೆಯುತ್ತದೆ.

ಇಷ್ಟು ಸುಲಭ. ಕೈಕೊಡುವುದು ಪೆಟ್ಟಿಗೆಯಿಂದ ಬರುವ ಮೌಲ್ಯ. ವ್ಯಾಲ್ಯೂ ಎಂದು ಕೇಳಿದರೆ ಬರುವುದು ಯಾವಾಗಲೂ ಸ್ಟ್ರಿಂಗ್ (ಅಕ್ಷರಗಳ ಸಾಲು), ಸಂಖ್ಯೆಯಲ್ಲ. ನಮ್ಮವರು 1,00,000 ಎಂದು ಅಲ್ಪವಿರಾಮ ಹಾಕಿಯೇ ಬರೆಯುತ್ತಾರೆ. ಸ್ಟ್ರಿಂಗನ್ನು ಪೂರ್ಣಾಂಕವಾಗಿಸುವ ಪಾರ್ಸ್-ಇಂಟಿಜರ್ ಅದನ್ನು ಕಂಡೊಡನೆ ಎರರ್ ಎಸೆಯುತ್ತದೆ, ಖಾಲಿ ಪೆಟ್ಟಿಗೆಗೂ ಅಷ್ಟೇ. ಬಳಸುವವರಿಗೆ ಕಾಣುವುದು ಒತ್ತಿದರೂ ಅಲುಗದ ಪರದೆ. ಆದ್ದರಿಂದ ರಿಮೂವ್‌ನಿಂದ ಅಲ್ಪವಿರಾಮ ತೆಗೆದು, ಓದುವ ಭಾಗವನ್ನು ಎರರ್ ಹಿಡಿಯುವ ಹ್ಯಾಂಡ್ಲರ್-ಕೇಸ್‌ನಲ್ಲಿ ಸುತ್ತಿ, ತಪ್ಪಿದ್ದರೆ ಉತ್ತರದ ಜಾಗದಲ್ಲೇ ‘ಮೊತ್ತ ಸರಿಯಾಗಿ ಬರೆಯಿರಿ’ ಎಂದು ತೋರಿಸಿ. ಎಸ್‌ಬಿಸಿಎಲ್‌ನಲ್ಲಾದರೆ ೧೦೦೦೦೦ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಪಾರ್ಸ್-ಇಂಟಿಜರ್ ಓದಿಕೊಳ್ಳುತ್ತದೆ, ಇದು ನಮಗೆ ಸಿಕ್ಕ ಅನುಕೂಲ.

8.5ರಂಥ ಬಡ್ಡಿ ದರಕ್ಕೆ ಪಾರ್ಸ್-ನಂಬರ್ ಲೈಬ್ರರಿ ಬಳಸಿ. ರೀಡ್-ಫ್ರಮ್-ಸ್ಟ್ರಿಂಗ್ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಬೇಡವೇ ಬೇಡ. ಪೆಟ್ಟಿಗೆಯಲ್ಲಿ ಹ್ಯಾಶ್-ಚುಕ್ಕಿ (#.) ಹಾಕಿ ಲಿಸ್ಪ್ ಕೋಡ್ ಬರೆದರೆ ಅದು ನಿಮ್ಮ ಯಂತ್ರದಲ್ಲೇ ಓಡಿಬಿಡುತ್ತದೆ. ಹಾಗೆಯೇ ಬಳಕೆದಾರರು ಬರೆದದ್ದನ್ನು ಮರಳಿ ತೋರಿಸುವಾಗ ಇನ್ನರ್-ಎಚ್‌ಟಿಎಂಎಲ್ ಬದಲು ಟೆಕ್ಸ್ಟ್ ಬಳಸಿ. ಇಲ್ಲದಿದ್ದರೆ ಅವರು ಬರೆದ ಟ್ಯಾಗ್‌ಗಳು ಪುಟದ ಭಾಗವೇ ಆಗುತ್ತವೆ.

ಇಬ್ಬರು ಒಟ್ಟಿಗೆ ಪುಟ ತೆರೆದರೆ ಇಬ್ಬರಿಗೂ ಬೇರೆ ಬೇರೆ ಥ್ರೆಡ್ (ಏಕಕಾಲದಲ್ಲಿ ಓಡುವ ಕೆಲಸದ ಎಳೆ), ಆದರೆ ಗ್ಲೋಬಲ್ ವೇರಿಯಬಲ್ ಇಬ್ಬರಿಗೂ ಒಂದೇ. ಮೊತ್ತವನ್ನು ಅಂಥ ವೇರಿಯಬಲ್ ಮಾಡುವ ಡೆಫ್‌ವಾರ್‌ನಲ್ಲಿ ಇಟ್ಟರೆ ಒಬ್ಬರ ಸಾಲ ಇನ್ನೊಬ್ಬರ ಪರದೆಯಲ್ಲಿ ಕಾಣಬಹುದು. ಆನ್-ನ್ಯೂ-ವಿಂಡೋ ಒಳಗಿನ ಲೆಟ್‌ನಲ್ಲಿ, ಸಾಮಾನ್ಯ ವೇರಿಯಬಲ್ ಆಗಿ ಇಡಿ.

ಪ್ರೋಗ್ರಾಮನ್ನು ಎನ್‌ಜಿನ್‌ಎಕ್ಸ್ (ಮುಂದೆ ನಿಂತು ಕೋರಿಕೆ ದಾಟಿಸುವ ವೆಬ್ ಸರ್ವರ್) ಹಿಂದೆ ಇಡುವುದಾದರೆ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ಮುಂದಕ್ಕೆ ದಾಟಿಸಬೇಕು, ಇಲ್ಲವಾದರೆ ವೆಬ್‌ಸಾಕೆಟ್ ಕೂಡುವುದಿಲ್ಲ. ಅದರ ರೀಡ್ ಟೈಮ್‌ಔಟ್ 60 ಸೆಕೆಂಡ್ ಇರುತ್ತದೆ, ಅದನ್ನೂ ಹೆಚ್ಚಿಸಿ.

ಪ್ರೋಗ್ರಾಮನ್ನು ಓಡಿಸಬಲ್ಲ ಒಂದು ಫೈಲಾಗಿ ಹಂಚಬೇಕಾದರೆ ಎಸ್‌ಬಿಸಿಎಲ್‌ನಲ್ಲಿ ಸೇವ್-ಲಿಸ್ಪ್-ಅಂಡ್-ಡೈ ಇದೆ. ಬೇರೆ ಥ್ರೆಡ್‌ಗಳು ಓಡುತ್ತಿದ್ದರೆ ಅದು ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಸ್ಲೈಮ್ (ಈಮ್ಯಾಕ್ಸ್ ಎಡಿಟರಿನ ಲಿಸ್ಪ್ ಪರಿಸರ) ಒಳಗಿಂದಲ್ಲ, ಟರ್ಮಿನಲ್‌ನಲ್ಲಿ, ಸರ್ವರ್ ಎಬ್ಬಿಸುವ ಮೊದಲೇ ಮಾಡಿ. ಪ್ರೋಗ್ರಾಮ್ ಶುರುವಾದೊಡನೆ ಓಡುವ ಟಾಪ್‌ಲೆವೆಲ್ ಫಂಕ್ಷನ್ ಕೊನೆಗೆ ಸ್ಲೀಪ್ ಇರುವ ಲೂಪ್ ಹಾಕಿ, ಇಲ್ಲದಿದ್ದರೆ ಸರ್ವರ್ ಎದ್ದ ಮರುಕ್ಷಣವೇ ಪ್ರೋಗ್ರಾಮ್ ಮುಗಿದುಹೋಗುತ್ತದೆ. ಸ್ಟ್ಯಾಟಿಕ್-ರೂಟ್ ಹೇಳದಿದ್ದರೆ ಕ್ಲಾಗ್ ತನ್ನ ಫೈಲುಗಳನ್ನು ನಿಮ್ಮ ಯಂತ್ರದ ಕ್ವಿಕ್‌ಲಿಸ್ಪ್ ಫೋಲ್ಡರಿನಲ್ಲೇ ಹುಡುಕುತ್ತದೆ. ಅಲ್ಲಿರುವ ಸ್ಟ್ಯಾಟಿಕ್-ಫೈಲ್ಸ್ ಫೋಲ್ಡರನ್ನು ಪ್ರೋಗ್ರಾಮಿನ ಜೊತೆಗೇ ಕಳಿಸಿ, ಅದರ ದಾರಿಯನ್ನು ಸ್ಟ್ಯಾಟಿಕ್-ರೂಟ್ ಆಗಿ ಇನಿಷಿಯಲೈಸ್‌ಗೆ ಕೊಡಿ.