ನಾಲ್ಕು ಕಾಯಿಲೆ, ಮೂವರು ಡಾಕ್ಟರು: ಮಾತ್ರೆಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ

ನಮ್ಮಮ್ಮನಿಗೆ ಶುಗರ್, ಬಿಪಿ, ಥೈರಾಯ್ಡ್, ಜೊತೆಗೆ ಮಂಡಿನೋವು. ತೋರಿಸುತ್ತಿದ್ದದ್ದು ಮೂವರು ಡಾಕ್ಟರಿಗೆ. ಹೋದ ವರ್ಷ ಹಾಸಿಗೆಯಿಂದ ಎದ್ದಾಗಲೆಲ್ಲ ತಲೆ ಸುತ್ತಿ ಗೋಡೆ ಹಿಡಿದುಕೊಳ್ಳುತ್ತಿದ್ದರು. ವಯಸ್ಸಾಯಿತು, ಅದಕ್ಕೇ ಇರಬೇಕು ಅಂದುಕೊಂಡೆವು. ಒಂದು ದಿನ ಮಾತ್ರೆಯ ಸ್ಟೀಲ್ ಡಬ್ಬಿ ಸುರಿದು ನೋಡಿದರೆ ಬೇರೆ ಬೇರೆ ಹೆಸರಿನ ಎರಡು ಶೀಟುಗಳಲ್ಲಿ ಇದ್ದದ್ದು ಒಂದೇ ಔಷಧ, ಬಿಪಿ ಇಳಿಸುವ ಟೆಲ್ಮಿಸಾರ್ಟನ್ 40 ಎಂಜಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಮ್ಮ ಎರಡನ್ನೂ ತಪ್ಪದೆ ನುಂಗುತ್ತಿದ್ದರು.

ಹಾಗಾಗಿ ಮೊದಲು ಒಂದು ಚೀಲ ತೆಗೆದುಕೊಳ್ಳಿ. ಮಾತ್ರೆ, ಇನ್ಸುಲಿನ್, ಕಣ್ಣಿನ ಡ್ರಾಪ್ಸ್, ಆಯುರ್ವೇದದ ಚೂರ್ಣ, ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ, ಎಲ್ಲವೂ ಅದರೊಳಗೆ ಬರಲಿ. ಶೀಟನ್ನು ಕತ್ತರಿಸಿ ಇಡಬೇಡಿ, ಹೆಸರು, ತಾರೀಖು ಇರುವ ತುಂಡೇ ಮೊದಲು ಕಳೆದುಹೋಗುತ್ತದೆ.

ಆಮೇಲೆ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆಯಿರಿ: ಔಷಧ ಯಾವುದು, ಎಷ್ಟು ಎಂಜಿ, ಯಾವ ಹೊತ್ತಿಗೆ, ಯಾವುದಕ್ಕೆ, ಬರೆದುಕೊಟ್ಟವರು ಯಾರು. ದಪ್ಪಕ್ಷರದ ಕಂಪನಿ ಹೆಸರು ಸಾಲದು, ಸಣ್ಣಕ್ಷರದ ಔಷಧದ ಹೆಸರೂ ಬೇಕು. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಇನ್ನು ಮುಖ್ಯವಾದದ್ದು. ಎಲ್ಲ ಔಷಧವನ್ನೂ ಒಟ್ಟಿಗೆ ನೋಡಲು ಒಬ್ಬರೇ ಡಾಕ್ಟರನ್ನು ಹಿಡಿಯಿರಿ. ದೊಡ್ಡ ಆಸ್ಪತ್ರೆಯವರೇ ಆಗಬೇಕಿಲ್ಲ, ಹತ್ತಿರದ ಫಿಸಿಷಿಯನ್ ಸಾಕು. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ಎರಡನ್ನೂ ಒಂದೇ ಕಡೆ ನೋಡುತ್ತಾರೆ. ಚೀಲವನ್ನು ಅವರ ಮೇಜಿನ ಮೇಲೆ ಸುರಿದು ನೇರವಾಗಿ ಕೇಳಿ: ಇದರಲ್ಲಿ ಯಾವುದು ಬೇಡ, ಯಾವುದರ ಜೊತೆ ಯಾವುದು ಆಗಿಬರಲ್ಲ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬಿಪಿ ಏರಿಸಬಹುದು, ಕಿಡ್ನಿಗೂ ಪೆಟ್ಟು ಕೊಡಬಹುದು, ಮಂಡಿನೋವಿನವರು ಇದನ್ನು ಬಾಯಿಬಿಟ್ಟು ಕೇಳಲೇಬೇಕು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಅಥವಾ ಐರನ್ ಮಾತ್ರೆ ಅದಾಗಿ 4 ಗಂಟೆ ಬಿಟ್ಟು. ನಮ್ಮಮ್ಮ ಎರಡನ್ನೂ ಒಟ್ಟಿಗೇ ಕಾಫಿ ಜೊತೆ ತೆಗೆದುಕೊಳ್ಳುತ್ತಿದ್ದರು, ಯಾರೂ ಹೇಳಿಯೇ ಇರಲಿಲ್ಲ! ಆದರೆ ಇದನ್ನೆಲ್ಲ ಓದಿ ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಏಕಾದಶಿ, ಸೋಮವಾರ ಅಂತ ಉಪವಾಸ ಇರುವವರಾದರೆ ಅದನ್ನೂ ಹೇಳಿ. ಊಟ ಬಿಟ್ಟು ಶುಗರ್ ಮಾತ್ರೆ ಮಾತ್ರ ನುಂಗಿದರೆ ಸಕ್ಕರೆ ಇಳಿದು ಕೈ ನಡುಗಿ ಬೆವರಬಹುದು, ಪ್ರಜ್ಞೆಯೂ ತಪ್ಪಬಹುದು.

ರಕ್ತ ಪರೀಕ್ಷೆಗೂ ಅಷ್ಟೇ, ಮೂರು ಕಡೆ ಚುಚ್ಚಿಸಿಕೊಳ್ಳುವುದು ಬೇಡ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವುದು), ಥೈರಾಯ್ಡ್ ಎಲ್ಲ ಒಂದೇ ಸಲ ಮಾಡಿಸಿ, ಝೆರಾಕ್ಸ್ ಮಾಡಿಸಿ ಎಲ್ಲ ಡಾಕ್ಟರಿಗೂ ತೋರಿಸಿ. ಶುಗರ್ ಇದ್ದವರಿಗೆ ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ, ಪಾದ, ಮೂತ್ರದ ಪರೀಕ್ಷೆ ಕೂಡ ಆಗಬೇಕು.

ಮತ್ತೆ, ಕಾಯಿಲೆಯವರನ್ನೇ ಒಂದು ಮಾತು ಕೇಳಿ, ಅವರಿಗೆ ಏನು ಬೇಕು ಅಂತ. ನಾವು ಶುಗರ್ ನಂಬರ್ ಹಿಂದೆ ಬಿದ್ದಿದ್ದೆವು, ಅಮ್ಮನಿಗೆ ಬೇಕಿದ್ದದ್ದು ದೇವಸ್ಥಾನದ ಮೆಟ್ಟಿಲು ಹತ್ತುವುದು. ಅದನ್ನು ಹೇಳಿದ ಮೇಲೆ ಡಾಕ್ಟರು ಮಂಡಿಗೆ ಫಿಸಿಯೋಥೆರಪಿ ಬರೆದರು.

ಆಸ್ಪತ್ರೆ ಸೇರಿ ಡಿಸ್ಚಾರ್ಜ್ ಆದ ದಿನ ತುಂಬಾ ಹುಷಾರಾಗಿರಿ. ಹೊಸ ಚೀಟಿ, ಹಳೆ ಹಾಳೆ ಅಕ್ಕಪಕ್ಕ ಇಟ್ಟುಕೊಂಡು, ಹಳೆಯದರಲ್ಲಿ ಯಾವುದು ಮುಂದುವರಿಸಬೇಕು, ಯಾವುದು ನಿಲ್ಲಿಸಬೇಕು ಅಂತ ಅಲ್ಲೇ ಕೇಳಿ, ಗುರುತು ಹಾಕಿಸಿಕೊಂಡೇ ಆಟೋ ಹತ್ತಿ.