ಹಳೆಯ ಫಿಲಡೆಲ್ಫಿಯಾ ಪೈಕ್‌ನಲ್ಲಿ ಆಮಿಶ್ ಹಳ್ಳಿಗಳನ್ನು ನೋಡುವ ಬಗೆ

ಫಿಲಡೆಲ್ಫಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಕ್ಕಳ ಮನೆಗೆ ಬಂದ ತಂದೆತಾಯಿಯರನ್ನು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಗೆ ಕರೆದೊಯ್ಯುವವರು ಮೊದಲು ಎರಡು ಸಂಗತಿಗಳನ್ನು ನಿರ್ಧರಿಸಿಕೊಳ್ಳಬೇಕು: ಯಾವ ದಿನ ಹೋಗುವುದು, ಯಾವ ರಸ್ತೆಯಲ್ಲಿ ಹೋಗುವುದು. ಭಾನುವಾರ ಖಂಡಿತ ಬೇಡ. ಅಂದು ಇಲ್ಲಿನ ಆಮಿಶರ, ಅಂದರೆ ಹಳೆಯ ಕಾಲದ ಸರಳ ರೀತಿಯಲ್ಲಿ ಬದುಕುವ ಕ್ರೈಸ್ತ ಪಂಗಡದವರ, ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅವರಿಗೆ ಪ್ರತ್ಯೇಕ ಚರ್ಚ್ ಕಟ್ಟಡವಿಲ್ಲದ ಕಾರಣ ಎರಡು ವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತದೆ.

ಫೋನಿನ ನಕ್ಷೆಯು ನಿಮ್ಮನ್ನು ರೂಟ್ 30ರಲ್ಲಿ ಕೊಂಡೊಯ್ಯಬಹುದು. ಅದಕ್ಕೂ ಇತಿಹಾಸವಿದೆ. 1792ರಲ್ಲಿ ಸನ್ನದು ಪಡೆದ ಖಾಸಗಿ ಕಂಪನಿಯೊಂದು ಫಿಲಡೆಲ್ಫಿಯಾದಿಂದ ಲ್ಯಾಂಕಾಸ್ಟರಿಗೆ 62 ಮೈಲಿ ಉದ್ದಕ್ಕೂ ಕಲ್ಲು ಹಾಸಿ, ಸುಂಕ ವಸೂಲು ಮಾಡುತ್ತಿದ್ದ ಟರ್ನ್‌ಪೈಕಿನ ಜಾಡು ಅದು. 1913ರ ಲಿಂಕನ್ ಹೈವೇ ಕೂಡ ಆ ಜಾಡನ್ನೇ ಹಿಡಿಯಿತು. ಆದರೆ ಲ್ಯಾಂಕಾಸ್ಟರ್ ಸಮೀಪಿಸಿದಂತೆ ಅಲ್ಲಿ ಕಾಣುವುದು ಮಾಲುಗಳು ಮತ್ತು ವಾಹನಗಳ ಸಾಲು ಮಾತ್ರ. ಆದ್ದರಿಂದ ಗ್ಯಾಪ್ ಎಂಬ ಊರಿನಲ್ಲಿ ಮುಖ್ಯರಸ್ತೆಯನ್ನು ಬಿಟ್ಟು, ರೂಟ್ 772ರ ಮೂಲಕ ಇಂಟರ್‌ಕೋರ್ಸ್ ತಲುಪಿ, ಅಲ್ಲಿಂದ ಪಶ್ಚಿಮಕ್ಕೆ ರೂಟ್ 340 ಹಿಡಿಯಿರಿ. ಟರ್ನ್‌ಪೈಕಿಗಿಂತಲೂ ಹಳೆಯದಾದ ಈ ದಾರಿಯೇ ಓಲ್ಡ್ ಫಿಲಡೆಲ್ಫಿಯಾ ಪೈಕ್. ಇಂಟರ್‌ಕೋರ್ಸ್ ಎಂಬ ಹೆಸರಿಗೆ, ಇಂದು ಆ ಇಂಗ್ಲಿಷ್ ಪದ ಸಂಭೋಗವನ್ನೇ ನೆನಪಿಸುವುದರಿಂದ, ನಗುವವರು ಬಹಳ. 1814ರಲ್ಲಿ ಕ್ರಾಸ್ ಕೀಸ್ ಎಂಬ ಹೆಸರನ್ನು ಬದಲಿಸಿದಾಗ ಆ ಪದಕ್ಕೆ ಜನರ ಒಡನಾಟ ಎಂಬ ಅರ್ಥವೂ ಬಳಕೆಯಲ್ಲಿತ್ತು. ಮುಂದಿನ ಊರಾದ ಬರ್ಡ್-ಇನ್-ಹ್ಯಾಂಡಿಗೆ ಹೆಸರು ಬಂದದ್ದು ದಾರಿಹೋಕರ ಛತ್ರವೊಂದರ ಫಲಕದಿಂದ.

ಇಲ್ಲಿ ಕಾರು ಓಡಿಸುವುದಕ್ಕೆ ತಾಳ್ಮೆ ಬೇಕು. ಏರು ಹತ್ತಿ ಇಳಿಯುವಷ್ಟರಲ್ಲಿ ಎದುರಿಗೇ ಬೂದುಬಣ್ಣದ ಕುದುರೆಗಾಡಿಯೊಂದು, ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ತ್ರಿಕೋನ ಹೊತ್ತು, ನಮ್ಮ ಹಳೆಯ ಜಟಕಾಬಂಡಿಯ ವೇಗದಲ್ಲಿ ಸಾಗುತ್ತಿರಬಹುದು. ಹಾರ್ನ್ ಮಾಡಬಾರದು, ಏಕೆಂದರೆ ಕುದುರೆ ಬೆದರುತ್ತದೆ. ಎದುರಿನ ದಾರಿ ತೆರವಾಗಿ ಕಾಣುವವರೆಗೆ ಹಿಂದೆಯೇ ಉಳಿದು, ಅನಂತರ ಸಾಕಷ್ಟು ಅಂತರ ಬಿಟ್ಟು ದಾಟಬೇಕು.

ಮನುಷ್ಯರೊಡನೆ ನಡೆದುಕೊಳ್ಳುವ ಬಗೆ ಇದಕ್ಕಿಂತ ಸೂಕ್ಷ್ಮವಾದದ್ದು. 1693ರ ಸುಮಾರಿಗೆ ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವಿನ ನೇತೃತ್ವದಲ್ಲಿ ಸ್ವಿಸ್ ಅನಾಬ್ಯಾಪ್ಟಿಸ್ಟರಿಂದ (ಶಿಶುಗಳಿಗಲ್ಲ, ದೊಡ್ಡವರಿಗೇ ದೀಕ್ಷಾಸ್ನಾನ ಎನ್ನುವ ಕ್ರೈಸ್ತರಿಂದ) ಬೇರ್ಪಟ್ಟು, 18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದವರ ವಂಶಸ್ಥರು ಈ ಆಮಿಶರು. ಮನೆಯಲ್ಲಿ ಆಡುವುದು ಜರ್ಮನ್ ಮೂಲದ ನುಡಿಯಾದರೂ ಇಂಗ್ಲಿಷನ್ನೂ ಬಲ್ಲರು. ಭಾವಚಿತ್ರಕ್ಕೆ ಮುಖವೊಡ್ಡಿ ನಿಲ್ಲುವುದನ್ನು ಅವರ ಧರ್ಮ ಒಪ್ಪುವುದಿಲ್ಲ. ಆದ್ದರಿಂದ ಹೊಲ, ಕಣಜ, ಹೇಸರಗತ್ತೆಗಳು ಎಳೆಯುವ ನೇಗಿಲು ಇವುಗಳ ಚಿತ್ರ ತೆಗೆಯುವಾಗಲೂ ಯಾರ ಮುಖವೂ ಗುರುತಾಗದಂತೆ ದೂರದಿಂದ ತೆಗೆಯಿರಿ. ಮಕ್ಕಳತ್ತ ಕ್ಯಾಮೆರಾ ತಿರುಗಿಸಲೇಬೇಡಿ. ಅಂಗಳದೊಳಗೆ ಕರೆಯದೆ ಹೋಗಬಾರದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ, ಆದರೂ ಪ್ರವಾಸದ ಉತ್ಸಾಹದಲ್ಲಿ ಮರೆತುಹೋಗುತ್ತದೆ. ವಿದ್ಯುತ್ ಕಂಪನಿಯ ತಂತಿಯನ್ನು ಮನೆಗೆ ಎಳೆಸಿಕೊಳ್ಳದವರು ಬ್ಯಾಟರಿಯನ್ನೋ ಡೀಸೆಲ್ ಎಂಜಿನನ್ನೋ ಬಳಸುವುದನ್ನು ಕಂಡು ಕೆಲವರು ಕೊಂಕು ನುಡಿಯುತ್ತಾರೆ. ಯಂತ್ರವೆಲ್ಲ ಪಾಪವೆಂದು ಆಮಿಶರೇನೂ ಹೇಳುವುದಿಲ್ಲ. ಯಾವುದು ಕುಟುಂಬವನ್ನೂ ನೆರೆಹೊರೆಯನ್ನೂ ಸಡಿಲಗೊಳಿಸುತ್ತದೆಂದು ತೋರುತ್ತದೋ ಅದನ್ನು ದೂರವಿಡುವ ಕಟ್ಟಳೆಯನ್ನು ಆಯಾ ಸಭೆಯವರೇ ಕೂಡಿ ನಿರ್ಧರಿಸುತ್ತಾರೆ.

ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಕಾಕಂಬಿ ಹಾಕಿ ಮಾಡುವ ಶೂಫ್ಲೈ ಪೈ ಈ ಸೀಮೆಯ ಪ್ರಸಿದ್ಧ ಸಿಹಿ; ಅದರ ಹೊರಪದರಕ್ಕೆ ಹಂದಿಯ ಕೊಬ್ಬನ್ನು ಬಳಸುವ ಹಳೆಯ ಪದ್ಧತಿಯಿದೆ, ಒಳಗೆ ಮೊಟ್ಟೆಯೂ ಇರಬಹುದು. ಇಲ್ಲಿ ಚೌ ಚೌ ಎಂದರೆ ಉಪ್ಪಿಟ್ಟು ಕೇಸರಿಬಾತಿನ ಜೋಡಿಯಲ್ಲ, ಸಕ್ಕರೆ ಮತ್ತು ವಿನೆಗರಿನಲ್ಲಿ ನೆನೆಸಿದ ತರಕಾರಿಗಳ ಉಪ್ಪಿನಕಾಯಿ. ರಸ್ತೆಬದಿಯ ಮೇಜುಗಳಲ್ಲಿ ಜೋಳದ ತೆನೆ, ಟೊಮ್ಯಾಟೊ, ಜ್ಯಾಮ್ ಇಟ್ಟಿರುತ್ತಾರೆ. ಕೆಲವೆಡೆ ಮಾರುವವರೇ ಇರದೆ ಹಣದ ಡಬ್ಬಿ ಮಾತ್ರ ಇರುತ್ತದೆ. ಚಿಲ್ಲರೆ ನೋಟುಗಳನ್ನು ಜೊತೆಯಲ್ಲಿ ಒಯ್ಯಿರಿ.

ಮಂಗಳವಾರ, ಶುಕ್ರವಾರ ಅಥವಾ ಶನಿವಾರ ಹೊರಟರೆ, ಬೆಳಿಗ್ಗೆಯೇ ಲ್ಯಾಂಕಾಸ್ಟರ್ ನಗರಕ್ಕೆ ಹೋಗಿ ಸೆಂಟ್ರಲ್ ಮಾರ್ಕೆಟ್ ನೋಡಿಕೊಂಡು, 340ರಲ್ಲಿ ಪೂರ್ವಕ್ಕೆ ಬರುವುದು ಅನುಕೂಲ. ಕತ್ತಲಾಗುವ ಮುನ್ನ ಹಳ್ಳಿರಸ್ತೆಗಳಿಂದ ಹೊರಬೀಳುವುದು ಒಳ್ಳೆಯದು. ತಡವಾದರೆ ಗಾಡಿ ಎದುರಾದಾಗಲೆಲ್ಲ ಹೆಡ್‌ಲೈಟಿನ ಬೆಳಕನ್ನು ತಗ್ಗಿಸಿ, ನಿಧಾನವಾಗಿ ಸಾಗಿರಿ.